ಅಜ್ಜನ ಹೊಳೆಯಲ್ಲಿ ಐದು ಹಿಡಿ ಅಕ್ಕಿ

ಎರಡು ಗಂಟೆ ನಲವತ್ತು ನಿಮಿಷ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಹೊಳೆಯ ನೀರು ಇಳಿಯಿತು. ಗಂಟೆ ಇಷ್ಟು ನಿಖರವಾಗಿ ಗೊತ್ತಿರುವುದು ನನ್ನ ಫೋನಿನಲ್ಲಿರುವ ಒಂದು ಫೋಟೋದಿಂದ. ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. ಬೂದು ಮರಳು, ಕಲ್ಲುಗಳ ಮೇಲೆ ನೀರು ಬಿಟ್ಟುಹೋದ ಒದ್ದೆ ಗೆರೆ, ಮೂಲೆಯಲ್ಲಿ ನೀಲಿ ಟಾರ್ಪಾಲಿನ ತುದಿ. ಆ ಟಾರ್ಪಾಲಿನ ಕೆಳಗೆ ನನ್ನ ಸೋದರಮಾವ ಕೂತು ಅಕ್ಕಿ ಅರೆಯುತ್ತಿದ್ದರು. ಎದುರಿಗೆ ಆ ಅರೆಯುವ ಕಲ್ಲನ್ನು ಕೆತ್ತಿದ ಪಾಕ್ ಸಾರ್ನೋ ಕೂತಿದ್ದರು. ಫೋಟೋದಲ್ಲಿ ಇಬ್ಬರೂ ಇಲ್ಲ. ನಾನು ಫೋನನ್ನು ಹೊಳೆಯ ಕಡೆಗೆ ಹಿಡಿದಿದ್ದೆ.

ನಾನು ಭೂವಿಜ್ಞಾನದಲ್ಲಿ ಪದವಿ ಪಡೆದವಳು. ಜ್ವಾಲಾಮುಖಿಯ ಬುಡದ ಹೊಳೆಯಲ್ಲಿ, ಮೇಲೆ ಮೋಡ ಕಟ್ಟಿರುವಾಗ, ನೀರು ಹೆಚ್ಚಾದರೆ ಹೆದರಬೇಕು, ಸುಮ್ಮಸುಮ್ಮನೆ ಕಡಿಮೆಯಾದರೆ ಓಡಬೇಕು. ಮೇಲೆ ಎಲ್ಲೋ ಬೂದಿ, ಮಣ್ಣು, ಬಂಡೆಗಳು ಕೂಡಿ ಹೊಳೆಗೆ ಅಡ್ಡ ಕಟ್ಟೆ ಹಾಕಿವೆ, ಆ ಕಟ್ಟೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಫೋಟೋ ತೆಗೆದೆ, ಬಾಯಿ ಬಿಡಲಿಲ್ಲ.

ಊರಿಗೆ ಬಂದ ಮೇಲೆ ಎಲ್ಲರೂ ಜಾವಾ ಹೇಗಿತ್ತು ಎಂದು ಕೇಳುತ್ತಾರೆ. ಹಸಿರಾಗಿತ್ತು, ಜನ ಒಳ್ಳೆಯವರು ಎನ್ನುತ್ತೇನೆ. ಎರಡೂ ನಿಜ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೆರಂಬೂರಿನಿಂದ

ಮಾವನ ಹೆಸರು ವಾಸುದೇವ. ಅರವತ್ತೆಂಟು ವರ್ಷ. ಮಲ್ಪೆಯ ಹತ್ತಿರದವರು. ಹದಿನೈದನೇ ವಯಸ್ಸಿಗೆ ಮದ್ರಾಸಿಗೆ ಬಂದು, ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಪೆರಂಬೂರಿನ ರೈಲ್ವೆ ಕಾರ್ಖಾನೆಯ ಹತ್ತಿರ ಚಿಕ್ಕದೊಂದು ಸಸ್ಯಾಹಾರಿ ಹೋಟೆಲು ಇಟ್ಟರು. ಹೋಟೆಲಿನ ಮೇಲೆಯೇ ಮನೆ. ಅಲ್ಲಿ ನಾವು ಮೂರು ಜನ: ಮಾವ, ಅಮ್ಮ, ನಾನು. ನಾನು ಅಡ್ಯಾರಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹದಿನೈದು ವರ್ಷದಿಂದ ಪ್ರತಿವರ್ಷ ಬೋರ್ಡಿನ ಮೇಲೆ ಅದೇ ಜ್ವಾಲಾಮುಖಿಯ ಚಿತ್ರ ಬರೆಯುತ್ತೇನೆ. ಮೇಲೆ ಬಾಯಿ, ನಡುವೆ ಕೊಳವೆ, ಕೆಳಗೆ ಶಿಲಾರಸದ ಗೂಡು. ಮೂರಕ್ಕೂ ಬಣ್ಣದ ಸೀಮೆಸುಣ್ಣ. ನಿಜವಾದದ್ದನ್ನು ಒಮ್ಮೆ ನೋಡಬೇಕೆಂಬ ಆಸೆ ಹಳೆಯದು.

ಡಿಸೆಂಬರಿನಲ್ಲಿ ಮೆಟ್ರೋ ಕೆಲಸಕ್ಕೆಂದು ರಸ್ತೆ ಅಗೆದು ಹೋಟೆಲಿನ ಬಾಗಿಲಿಗೇ ತಗಡಿನ ಗೋಡೆ ಬಂತು. ಗಿರಾಕಿ ಒಳಗೆ ಬರಲು ದಾರಿಯೇ ಇಲ್ಲ. ಮಾವ ಮೂರು ವಾರ ಹೋಟೆಲು ಮುಚ್ಚಿದರು. ಮುಚ್ಚಿದ ಹೋಟೆಲಿನ ಗಲ್ಲಾದಲ್ಲಿ ಕೂತು ತಗಡು ನೋಡುವುದು ಅವರಿಗೆ ಆಗಲಿಲ್ಲ.

"ನೀನು ಆ ಬೆಂಕಿಬೆಟ್ಟಕ್ಕೆ ಹೋಗ್ತೀಯಂತಲ್ಲ, ಒಬ್ಳೇನಾ?" ಎಂದರು ಒಂದು ದಿನ.

"ನೀವು ಬರ್ತೀರಾ ಮಾವ?"

"ಇಲ್ಲಿ ಕೂತು ಎಂತ ಮಾಡ್ಲಿ ಮಾರಾಯ್ತಿ. ಅಲ್ಲಿ ಊಟಕ್ಕೆ ಎಂತ ಉಂಟು?"

ಊಟಕ್ಕೆ ಏನಿದೆಯೋ ಗೊತ್ತಿಲ್ಲವೆಂದು ಅವರೇ ತಯಾರಿ ಮಾಡಿಕೊಂಡರು. ಎರಡು ಕಿಲೋ ಬೆಳ್ತಿಗೆ ಅಕ್ಕಿ, ಒಂದು ಪುಟ್ಟ ಕರೆಂಟ್ ಕುಕ್ಕರು, ಉಪ್ಪಿನಕಾಯಿ, ಸ್ಟೀಲಿನ ಡಬ್ಬಿ. ಮೊದಲ ಸಲ ವಿಮಾನ ಹತ್ತಿದ ಮಾವನಿಗೆ ಇಡೀ ದಾರಿಯಲ್ಲಿ ಇದ್ದ ಚಿಂತೆ ಒಂದೇ, ಪೆಟ್ಟಿಗೆಯೊಳಗೆ ಉಪ್ಪಿನಕಾಯಿ ಸೋರುತ್ತದೋ ಎಂದು. ಸೋರಿತು. ಜಾವಾದಲ್ಲಿ ಮೊದಲ ದಿನ ಇಡೀ ನಾನು ಮಾವಿನಮಿಡಿಯ ವಾಸನೆಯ ಚೂಡಿದಾರ ತೊಟ್ಟು ತಿರುಗಿದೆ.

ಅಜ್ಜನ ಎದುರು

ಬೆಟ್ಟದ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿಯವರೂ ಸುಮ್ಮನೆ ಹೆಸರು ಹಿಡಿದು ಕರೆಯುವುದಿಲ್ಲ. ಅಜ್ಜ ಎನ್ನುತ್ತಾರೆ. ಹೊಗೆ ಬಂದರೆ ಅಜ್ಜನಿಗೆ ಕೆಮ್ಮು. ಮೋಡ ಮುಚ್ಚಿದರೆ ಅಜ್ಜ ಮಲಗಿದ್ದಾನೆ. ನಮ್ಮ ಜೀಪಿನ ಚಾಲಕ ದಿಮಾಸ್ ಇದನ್ನೆಲ್ಲ ನಗುತ್ತಲೇ ಹೇಳಿದ, ಆದರೆ ತಮಾಷೆಗೆ ಹೇಳಲಿಲ್ಲ. ಮೂವತ್ತು ದಾಟಿದ ಶಾಂತ ಮನುಷ್ಯ, ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಮಾವ ಅವನನ್ನು 'ತಂಬಿ' ಎಂದು ಕರೆದರು. ಅವನು ಮಾವನನ್ನು 'ಪಾಕ್ ವಾಸು' ಎಂದ. ಪಾಕ್ ಎಂದರೆ ಅಲ್ಲಿ ಅಪ್ಪ, ಯಜಮಾನ, ಹಿರಿಯ ಎಲ್ಲವೂ.

ಬೆಳಿಗ್ಗೆ ಎದುರಿನ ಗುಡ್ಡದಿಂದ ಅಜ್ಜ ಪೂರ್ತಿ ಕಂಡ. ನನ್ನ ಬೋರ್ಡಿನ ಚಿತ್ರದ ಹಾಗೆ ಇರಲಿಲ್ಲ. ಬಾಯಿ ತೆರೆದಿರಲಿಲ್ಲ, ಅದರಲ್ಲಿ ಕಲ್ಲಿನ ದೊಡ್ಡ ಗುಪ್ಪೆ ಬಿರಡೆಯ ಹಾಗೆ ಕೂತಿತ್ತು. ಅಲ್ಲಿಯ ಶಿಲಾರಸ ಮಂದ, ಎಣ್ಣೆಯ ಹಾಗೆ ಹರಿಯುವುದಿಲ್ಲ. ಹೊರಗೆ ಬಂದದ್ದು ಅಲ್ಲೇ ಗುಡ್ಡೆಯಾಗಿ ಗಟ್ಟಿಯಾಗುತ್ತದೆ. ಗುಡ್ಡೆ ಬೆಳೆದು ಭಾರವಾಗಿ ಒಂದು ದಿನ ಒಡೆದು, ಬಿಸಿಬೂದಿಯಾಗಿ ಇಳಿಜಾರಿನಲ್ಲಿ ಉರುಳುತ್ತದೆ. ಹಾಗೆ ಬಿದ್ದ ಬೂದಿ ವರ್ಷಗಟ್ಟಲೆ ಸಡಿಲವಾಗಿ ಬಿದ್ದಿರುತ್ತದೆ. ಬೆಟ್ಟದ ಮೈತುಂಬ ಆಳವಾದ ಕೊರಕಲುಗಳು, ಒಂದೊಂದೂ ಕೆಳಗೆ ಬರುತ್ತ ಒಂದೊಂದು ಹೊಳೆ.

"ಇದು ಯಾವಾಗ ಆದದ್ದು? ಕೃತಯುಗದಲ್ಲಾ?" ಮಾವ ಕೇಳಿದರು.

"ಆ ಬೂದಿ ಬಿದ್ದು ಹೆಚ್ಚು ವರ್ಷ ಆಗಿಲ್ಲ ಮಾವ. ಇನ್ನೂ ಆಗ್ತಾನೇ ಉಂಟು."

ಅವರು ಕೈಮುಗಿದರು. ಹಣೆ ಮೇಲಲ್ಲ, ಎದೆಯ ಹತ್ತಿರ, ದೊಡ್ಡ ಗಿರಾಕಿ ಬಂದಾಗ ಮುಗಿಯುವ ಹಾಗೆ.

ಮಧ್ಯಾಹ್ನದ ಊಟಕ್ಕೆ ಹಳ್ಳಿಯ ಒಂದು ಊಟದ ಮನೆಗೆ ಹೋದೆವು. ಮಾಂಸ ಇಲ್ಲ, ಮೀನು ಇಲ್ಲ ಎಂದು ದಿಮಾಸ್ ಮೂರು ಸಲ ಹೇಳಿದ್ದ. ಅನ್ನ, ಸೋಯಾ ಕಾಳಿನ ಹುರಿದ ಬಿಲ್ಲೆ, ಕೆಂಪು ಚಟ್ನಿ ಬಂತು. ಮಾವ ಒಂದು ತುತ್ತು ಬಾಯಿಯ ಹತ್ತಿರ ತಂದವರು ಮೂಗಿನ ಹತ್ತಿರವೇ ನಿಲ್ಲಿಸಿದರು. ಕಡಲ ಬದಿಯಲ್ಲಿ ಹುಟ್ಟಿದ ಬ್ರಾಹ್ಮಣನ ಮೂಗು. ಒಣ ಸಿಗಡಿ ಯಾವ ಮೂಲೆಯಲ್ಲಿದ್ದರೂ ಸಿಕ್ಕಿಬೀಳುತ್ತದೆ. ಅವರು ಕೂಗಾಡಲಿಲ್ಲ. ತಟ್ಟೆ ಸರಿಸಿ, "ಅಡುಗೆಮನೆ ಎಲ್ಲಿ?" ಎಂದರು.

ಹೋಟೆಲಿನವರಿಗೆ ಇನ್ನೊಂದು ಹೋಟೆಲಿನ ಅಡುಗೆಮನೆ ನೋಡದೆ ಇರಲಾಗುವುದಿಲ್ಲ. ಅಲ್ಲಿನ ಹೆಂಗಸು ನಾಚಿ, ನಕ್ಕು, ಸಿಗಡಿ ಮುಟ್ಟದ ಬೇರೊಂದು ಕಲ್ಲನ್ನು ಕೆಳಗಿಟ್ಟು, ಬರೀ ಮೆಣಸು, ಟೊಮೆಟೊ, ಉಪ್ಪು ಹಾಕಿ ಮಾವನ ಕಣ್ಣೆದುರೇ ಅರೆದುಕೊಟ್ಟಳು. ತಟ್ಟೆಯಷ್ಟು ಅಗಲದ, ಆಳವಿಲ್ಲದ ಕಪ್ಪು ಕಲ್ಲು. ಚೊಬೆಕ್ ಎನ್ನುತ್ತಾರೆ. ಮಾವ ಚಟ್ನಿಗಿಂತ ಹೆಚ್ಚು ಹೊತ್ತು ಕಲ್ಲನ್ನು ನೋಡಿದರು. ಬೆರಳಿನಿಂದ ಸವರಿದರು, ಗೆಣ್ಣಿನಿಂದ ತಟ್ಟಿದರು.

"ಇದರಲ್ಲಿ ಸಣ್ಣ ಸಣ್ಣ ತೂತು ಉಂಟಲ್ಲ. ಕೊತ್ತಿದ್ದಲ್ಲ ಇದು."

ಚೆನ್ನೈಯ ಬೀದಿಯಲ್ಲಿ ಅರೆಯುವ ಕಲ್ಲು ಕೊತ್ತುವವನ ಕೂಗು ಈಗ ಅಪರೂಪ. ಮಾವನ ಕಾಲದಲ್ಲಿ ತಿಂಗಳಿಗೊಮ್ಮೆ ಉಳಿ ಹಿಡಿದು ಬಂದು, ನುಣುಪಾದ ಕಲ್ಲಿಗೆ ಮತ್ತೆ ಮುಳ್ಳು ಎಬ್ಬಿಸಿ ಹೋಗುತ್ತಿದ್ದ. ಅದನ್ನೇ ಹಿಡಿದು ನಾನು ಹೇಳಿದೆ. ಸಕ್ಕರೆ ಪಾಕವನ್ನು ತಣ್ಣನೆ ಕಲ್ಲಿನ ಮೇಲೆ ಸುರಿದರೆ ಗಾಜಿನ ಹಾಗೆ ಆಗುತ್ತದೆ. ಅದೇ ಪಾಕವನ್ನು ಮುಚ್ಚಿಟ್ಟು ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆ, ಒಂದೊಂದು ಹರಳೂ ದಪ್ಪ. ನೆಲದ ಕೆಳಗೂ ಹಾಗೆಯೇ. ನಮ್ಮ ಗ್ರೈಂಡರಿನ ಕಲ್ಲು ಬಹಳ ಆಳದಲ್ಲಿ, ಒತ್ತಡದಲ್ಲಿ, ನಿಧಾನಕ್ಕೆ ತಣಿದದ್ದು. ಅದಕ್ಕೇ ಹರಳು ಕಣ್ಣಿಗೆ ಕಾಣುತ್ತದೆ, ನಡುವೆ ಸಂದಿಲ್ಲ. ಇದು ಮೇಲೆ ಬಂದು ಬೇಗ ಗಟ್ಟಿಯಾದದ್ದು. ಒಳಗಿದ್ದ ಗಾಳಿ ಗುಳ್ಳೆಯಾಗಿ ಹೊರಗೆ ಹೋಗಲು ನೋಡಿತು, ಹೋಗುವುದರೊಳಗೆ ಕಲ್ಲಾಯಿತು. ಸವೆದಷ್ಟೂ ಹೊಸ ತೂತಿನ ಅಂಚು ತೆರೆಯುತ್ತದೆ, ಕೊತ್ತುವುದೇ ಬೇಡ.

"ಅಂದ್ರೆ ನಮ್ಮದು ಉಸಿರು ಕಟ್ಟಿದ ಕಲ್ಲು," ಎಂದರು ಮಾವ. "ಇದು ಉಸಿರು ಬಿಡ್ಲಿಕ್ಕೆ ಹೊರಟ ಕಲ್ಲು."

"ಮಲ್ಪೆಯ ದ್ವೀಪದಲ್ಲಿ ಕಂಬ ಕಂಬ ಕಲ್ಲು ಉಂಟಲ್ಲ, ಅದೂ ಹೀಗೆ ಮೇಲೆ ಬಂದದ್ದೇ. ತಣಿಯುವಾಗ ಕುಗ್ಗಿ, ಬೇಸಿಗೆಯ ಗದ್ದೆ ಹಾಗೆ ಬಿರುಕು ಬಿಟ್ಟದ್ದು."

"ನಾವು ಅದರ ಮೇಲೆ ಕೂತು ಗಾಳ ಹಾಕುವವರನ್ನು ನೋಡ್ತಿದ್ವಿ. ನಮ್ಮೂರಲ್ಲೂ ಒಬ್ಬ ಅಜ್ಜ ಇದ್ದ ಅಂತ ಯಾರೂ ಹೇಳ್ಲಿಲ್ಲ ನೋಡು."

ಆ ಕಲ್ಲು ಮಾಡುವವರು ಯಾರು ಎಂದು ಮಾವ ಕೇಳಿದರು. ದಿಮಾಸ್‌ಗೆ ಗೊತ್ತಿತ್ತು. ಹೊಳೆಯ ಪಾತ್ರದಲ್ಲೇ ಕೂತು, ಬೆಟ್ಟ ತಂದುಹಾಕಿದ ಬಂಡೆಯನ್ನು ಸೀಳಿ ಕೆತ್ತುವ ಪಾಕ್ ಸಾರ್ನೋ. ನಾಳೆ ಬೆಳಿಗ್ಗೆ ಹೋಗೋಣ, ಮಳೆಗಾಲದಲ್ಲಿ ಮಧ್ಯಾಹ್ನದ ಮೇಲೆ ಹೊಳೆಗೆ ಇಳಿಯುವುದಿಲ್ಲ ಎಂದ.

ಐದು ಹಿಡಿ

ಮರುದಿನ ಬೆಳಿಗ್ಗೆ ಜೀಪಿನ ಚಕ್ರ ಪಂಕ್ಚರಾಯಿತು. ಬದಲಿ ಚಕ್ರದಲ್ಲೂ ಗಾಳಿ ಇರಲಿಲ್ಲ. ಹೊಳೆಯ ದಂಡೆಗೆ ತಲುಪುವಾಗ ಎರಡು ಗಂಟೆ.

"ಅರ್ಧ ಗಂಟೆ ಮೇಡಂ," ಎಂದ ದಿಮಾಸ್ ಆಕಾಶ ನೋಡಿ. "ಎರಡೂವರೆಗೆ ಮೇಲೆ ಬನ್ನಿ." ಚಕ್ರದ ಗಾಳಿ ಮತ್ತೆ ಇಳಿದಿತ್ತೆಂದು ಅವನು ಜೀಪಿನ ಹತ್ತಿರವೇ ಉಳಿದ.

ದಂಡೆಯ ಮಣ್ಣಿನಲ್ಲಿ ಕಡಿದ ಮೆಟ್ಟಿಲು ಇಳಿದರೆ ಕೆಳಗೆ ಅಗಲವಾದ ಮರಳು, ನಡುವೆ ಮೊಳಕಾಲುದ್ದ ನೀರು. ಮೆಟ್ಟಿಲಿನಿಂದ ಐವತ್ತು ಹೆಜ್ಜೆಯಲ್ಲಿ ಟಾರ್ಪಾಲು. ಪಾಕ್ ಸಾರ್ನೋ ನನಗಿಂತ ಸ್ವಲ್ಪ ದೊಡ್ಡವರು, ತೆಳ್ಳಗೆ, ಮೈಯೆಲ್ಲ ಕಲ್ಲಿನ ಧೂಳು. ಕೈ ಕುಲುಕಿ ಆ ಕೈಯನ್ನು ತಮ್ಮ ಎದೆಗೆ ಮುಟ್ಟಿಸಿಕೊಂಡರು. ದಾರಿ ತೋರಿಸುವಾಗ ತೋರುಬೆರಳು ಚಾಚುವುದು ಅಲ್ಲಿ ಅವಮರ್ಯಾದೆ. ಮುಷ್ಟಿ ಮಡಿಸಿ ಹೆಬ್ಬೆರಳಿನಿಂದ ತೋರಿಸುತ್ತಾರೆ. ಹಾಗೆ ಹೆಬ್ಬೆರಳಿನಿಂದ ಮಾವನಿಗೆ ಚಾಪೆ ತೋರಿಸಿದರು. ಕುಡಿಯಲು ಸಿಹಿ ಚಹಾ ಬಂತು.

ಮಾವ ಹತ್ತು ಕಲ್ಲು ತಟ್ಟಿ ಒಂದನ್ನು ಆರಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದರು. ಬೆಳಿಗ್ಗೆಯೇ ಬೆಳ್ತಿಗೆ ಅಕ್ಕಿ ನೆನೆಹಾಕಿ ತಂದಿದ್ದರು.

ಹೊಸ ಕಲ್ಲನ್ನು ಪಳಗಿಸದೆ ಅಡುಗೆಗೆ ಹಚ್ಚುವಂತಿಲ್ಲ, ಅದು ಎಲ್ಲರ ಮನೆಯಲ್ಲೂ ಗೊತ್ತು. ಒಂದು ಹಿಡಿ ಅಕ್ಕಿ ಅರೆಯಬೇಕು, ಮರಳು ಬೆರೆತು ಬೂದು ಬಣ್ಣಕ್ಕೆ ಬರುತ್ತದೆ, ಚೆಲ್ಲಬೇಕು, ತೊಳೆಯಬೇಕು, ಇನ್ನೊಂದು ಹಿಡಿ. ಹಿಟ್ಟು ಹಾಲಿನಷ್ಟು ಬಿಳಿಯಾಗಿ, ಹಲ್ಲಿಗೆ ಹಚ್ಚಿದರೆ ಕರಕರ ಎನ್ನದ ತನಕ. ನಮ್ಮ ಹೋಟೆಲಿನವರಲ್ಲಿ ಇನ್ನೊಂದು ಕಟ್ಟಳೆ. ಅದನ್ನು ಕಲ್ಲು ಮಾಡಿದವನ ಎದುರೇ ಮಾಡಬೇಕು. ಮರಳು ಬಿಟ್ಟರೆ ಅವನೇ ತಿದ್ದಿಕೊಡುತ್ತಾನೆ, ಬಿಡದಿದ್ದರೆ ಅವನಿಗೂ ಒಂದು ಸಮಾಧಾನ. ಪರೀಕ್ಷೆ ಮಾಡದೆ ಎತ್ತಿಕೊಂಡು ಹೋಗುವುದು ಅವನ ಕೆಲಸವನ್ನು ಕೀಳು ಮಾಡಿದ ಹಾಗೆ. ನಾಲ್ಕು ಸಾವಿರ ಕಿಲೋಮೀಟರ್ ದೂರ ಬಂದರೂ ಮಾವನಿಗೆ ಈ ಕಟ್ಟಳೆ ಮೀರಲು ಬರಲಿಲ್ಲ.

ಮೊದಲ ಹಿಡಿ ಸಿಮೆಂಟಿನ ಬಣ್ಣ. ಎರಡನೆಯದು ಬೂದಿ. ಸಾರ್ನೋ ಮುಂದೆ ಬಾಗಿ ನೋಡುತ್ತಿದ್ದರು. ಮಾತು ಒಂದೂ ಬಾರದಿದ್ದರೂ ಇಬ್ಬರಿಗೂ ಏನು ನಡೆಯುತ್ತಿದೆ ಎಂದು ಗೊತ್ತಿತ್ತು. ಆ ಹೊತ್ತು ನಿಜವಾಗಿ ಚೆನ್ನಾಗಿತ್ತು. ಎರಡೂವರೆ ಆಯಿತು. "ಮಾವ, ಹೊತ್ತಾಯ್ತು," ಎಂದೆ. "ಮೂರನೇದು ಆಗ್ತಾ ಉಂಟು," ಎಂದರು. ಬೆಟ್ಟದ ಮೇಲ್ಭಾಗ ಕಾಣುತ್ತಿರಲಿಲ್ಲ, ಅಲ್ಲಿ ಮಳೆ. ನಾವಿದ್ದಲ್ಲಿ ಒಂದು ಹನಿಯೂ ಇಲ್ಲ.

ಎರಡು ನಲವತ್ತಕ್ಕೆ ನೀರು ಇಳಿಯಿತು, ನಾನು ಫೋಟೋ ತೆಗೆದೆ. ಆಮೇಲೆ ಏನು ಯೋಚಿಸಿದೆ ಎಂಬುದನ್ನು ಎಷ್ಟೋ ಸಲ ಮತ್ತೆ ಓಡಿಸಿ ನೋಡಿದ್ದೇನೆ. ಪುಸ್ತಕದಲ್ಲಿ ಓದಿದ್ದು ಇದೇ ಇರಬಹುದೇ ಅಂದುಕೊಂಡೆ. ಇಲ್ಲಿಯ ಹೊಳೆ ಇಲ್ಲಿಯವರಿಗೆ ಗೊತ್ತಿರುತ್ತದೆ, ಬೋರ್ಡಿನ ಮೇಲೆ ಜ್ವಾಲಾಮುಖಿ ಬರೆಯುವ ನಾನು ಅವರೆದುರು ಏನು ಹೇಳುವುದು ಅಂದುಕೊಂಡೆ. ಮಾವ ನಾಲ್ಕನೆಯ ಹಿಡಿ ಹಾಕಿದ್ದರು, ಅವರನ್ನು ನಡುವೆ ಎಬ್ಬಿಸುವುದು ಹೇಗೆ ಎಂದೂ ಅಂದುಕೊಂಡೆ. ಇಷ್ಟಕ್ಕೆ ಆರು ನಿಮಿಷ ಹೋಯಿತು.

ಮೇಲಿನ ಕಡೆಯಿಂದ ಟಕ್ ಟಕ್ ಟಕ್ ಎಂದು ಮರ ಬಡಿಯುವ ಸದ್ದು ಬಂತು. ಒಂದು ಕಡೆ ನಿಂತಿತು, ಹತ್ತಿರದ ಇನ್ನೊಂದು ಕಡೆ ಶುರುವಾಯಿತು. ಹಳ್ಳಿಯಿಂದ ಹಳ್ಳಿಗೆ ಅಪಾಯ ಸಾರುವ ಟೊಳ್ಳುಮರದ ಡೋಲು ಅದು. ಸಾರ್ನೋ ಎದ್ದುನಿಂತರು. ಮಾವನ ಕಡೆ ಬಾಗಿ, ಮುಗುಳ್ನಕ್ಕು, ಹೆಬ್ಬೆರಳಿನಿಂದ ಮೆಟ್ಟಿಲು ತೋರಿಸಿದರು. ಕೆಟ್ಟ ಸುದ್ದಿ ಹೇಳುವಾಗಲೂ ಆ ಜನ ನಗುತ್ತಾರೆ, ಕೇಳುವವನಿಗೆ ಗಾಬರಿಯಾಗಬಾರದೆಂದು. ಅದು ನಮಗೆ ಗೊತ್ತಿರಲಿಲ್ಲ.

"ನೋಡು, ಅವನಿಗೂ ಖುಷಿ," ಎಂದರು ಮಾವ. "ಇನ್ನೊಂದೇ ಹಿಡಿ ಮಾರಾಯ್ತಿ. ಬೆಳ್ಳಗೆ ಬಂತು ನೋಡು."

ಐದನೆಯ ಹಿಡಿ ಹಾಕಿದರು.

ಆಮೇಲೆ ನೆಲ ನಡುಗಿತು. ಕಾರ್ಖಾನೆಯ ಹಿಂದೆ ಉದ್ದದ ಗೂಡ್ಸ್ ಗಾಡಿ ಹೋಗುವಾಗ ನಮ್ಮ ಮನೆಯ ಪಾತ್ರೆಗಳು ನಡುಗುವ ಹಾಗೆ. ಆದರೆ ಗಾಡಿ ಮುಗಿಯಲಿಲ್ಲ. ಈಗ ಕೂಗಿದೆ, ತಮಿಳಿನಲ್ಲೋ ಕನ್ನಡದಲ್ಲೋ ನೆನಪಿಲ್ಲ. ಮಾವನ ಮೊಣಕಾಲು ಮಡಿಸಿಕೊಂಡು ಹಿಡಿದುಹೋಗಿತ್ತು, ಎದ್ದರೂ ಓಡಲು ಬರಲಿಲ್ಲ. ಸಾರ್ನೋ ಅವರ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ನಾನು ಮುಂದೆ ಓಡಿ ಮೆಟ್ಟಿಲು ಹತ್ತಿ, ಮೇಲಿನಿಂದ ಕೈ ಚಾಚಿದೆ. ದಿಮಾಸ್ ಓಡಿ ಬಂದ. ಮಾವನ ಕೈಗೆ ಹಿಟ್ಟು ಮೆತ್ತಿತ್ತು, ಜಾರುತ್ತಿತ್ತು. ಸಾರ್ನೋ ಕೆಳಗಿನಿಂದ ಅವರ ಸೊಂಟಕ್ಕೆ ಭುಜ ಕೊಟ್ಟು ನೂಕಿದರು. ಮಾವ ಮೇಲೆ ಬಂದರು.

ತಿರುವಿನಲ್ಲಿ ಅದು ಕಾಣಿಸಿತು. ನೀರೆಂದರೆ ಸುಳ್ಳಾಗುತ್ತದೆ. ಕಲಸಿದ ಕಾಂಕ್ರೀಟಿನ ಒಂದು ಗೋಡೆ, ಆವಿಯಾಡುತ್ತ, ಮುಂದೆ ಮುಂದೆ ಮಗುಚುತ್ತಿತ್ತು. ಆಟೋರಿಕ್ಷಾದಷ್ಟು ದೊಡ್ಡ ಬಂಡೆಗಳು ಅದರ ಮೇಲೆ ತೇಲುತ್ತಿದ್ದವು. ಗಂಧಕದ ವಾಸನೆ. ಸಾರ್ನೋ ಕೊನೆಯಿಂದ ಮೂರನೆಯ ಮೆಟ್ಟಿಲಿನಲ್ಲಿದ್ದರು. ದಿಮಾಸ್ ಅವರ ಬೆರಳು ಮುಟ್ಟಿದ್ದ. ದಂಡೆಯ ಬುಡ ಕೊಚ್ಚಿ ಮೆಟ್ಟಿಲುಗಳೆಲ್ಲ ಒಟ್ಟಿಗೆ ಕೆಳಗೆ ಕೂತವು, ಅವರೂ ಕೂತರು. ಬೀಳಲಿಲ್ಲ, ಕೂತ ಹಾಗೆಯೇ ಹೋದರು. ಮುಖ ನಮ್ಮ ಕಡೆಗಿತ್ತು.

ಊರ ಚಾವಡಿ

ಅಜ್ಜ ಅಂದು ಬೆಂಕಿ ಉಗುಳಲಿಲ್ಲ, ಕೆಮ್ಮಲೂ ಇಲ್ಲ. ಹಳೆಯ ಬೂದಿಯ ಮೇಲೆ ಮಳೆ ಬಿತ್ತು, ಅಷ್ಟೇ. ಕೆಳಗಿನ ಸೇತುವೆ ಹೋಯಿತು. ಕರೆಂಟು, ಫೋನು ಹೋಯಿತು. ನಮ್ಮನ್ನು ಊರ ಚಾವಡಿಯಲ್ಲಿ ಕೂರಿಸಿದರು.

ಯಾರೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸಿಹಿ ಚಹಾ ಕೊಟ್ಟರು, ಬಿಸ್ಕತ್ತು ಕೊಟ್ಟರು. ಸಾರ್ನೋ ಅವರ ಹೆಂಡತಿ ಯಾತಿ ಬಂದರು. ಗಿಡ್ಡ ಹೆಂಗಸು, ತಲೆಗೆ ಹಸಿರು ಬಟ್ಟೆ. ಮಾವನ ಪಂಚೆ ಕೆಸರಾಗಿತ್ತೆಂದು ಗಂಡನ ಒಗೆದ ಲುಂಗಿ ತಂದುಕೊಟ್ಟರು. ಮಾವ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಉಡಲಿಲ್ಲ.

"ಉಟ್ಟುಕೊಳ್ಳಿ ಮಾವ, ಚಳಿ ಉಂಟು."

"ಇದು ಯಾರದ್ದು ಅಂತ ಕೇಳಿದ್ಯಾ?"

"ಕೇಳಿದೆ."

"ಮತ್ತೆ ಹೇಗೆ ಉಡ್ಲಿ."

ಮರುದಿನ ಬೆಳಿಗ್ಗೆ ಗಂಡಸರು ಉದ್ದನೆಯ ಬಿದಿರು ಹಿಡಿದು ಹುಡುಕಲು ಇಳಿದರು. ನಾನೂ ದಂಡೆಯಲ್ಲಿ ನಿಂತೆ. ಟಾರ್ಪಾಲಿದ್ದ ಜಾಗ ಎಲ್ಲಿ ಎಂದೇ ತಿಳಿಯಲಿಲ್ಲ. ಹೊಳೆಯ ಪಾತ್ರ ಎರಡಾಳು ಎತ್ತರಕ್ಕೆ ತುಂಬಿ, ಮಟ್ಟಸವಾಗಿ, ಆಗಲೇ ಮೇಲ್ಪದರ ಗಟ್ಟಿಯಾಗುತ್ತಿತ್ತು. ನೀರು ಇನ್ನೊಂದು ಬದಿಯಲ್ಲಿ ಹೊಸ ದಾರಿ ಕೊರೆದುಕೊಂಡು ಹರಿಯುತ್ತಿತ್ತು. ಭೂಮಿಯ ಆಕಾರ ಬದಲಾಗಲು ಲಕ್ಷಾಂತರ ವರ್ಷ ಬೇಕು ಎಂದು ನಾನು ಪಾಠ ಮಾಡಿದ್ದೇನೆ. ಒಂದು ಕಣಿವೆ ಮುಚ್ಚಲು ಒಂದು ಮಧ್ಯಾಹ್ನ ಸಾಕಾಗಿತ್ತು. ಬಿದಿರನ್ನು ಚುಚ್ಚಿ ಎಳೆದರೆ ತುದಿಯಿಂದ ಆವಿ ಬರುತ್ತಿತ್ತು. ಆ ಮಟ್ಟಸ ನೆಲ ಇನ್ನು ಕೆಲವು ವರ್ಷಕ್ಕೆ ಕಲ್ಲಾಗುತ್ತದೆ, ಅದರೊಳಗೆ ಏನಿದ್ದರೂ ಕಲ್ಲಿನೊಳಗೇ ಎಂದು ತಲೆ ತನ್ನಷ್ಟಕ್ಕೆ ಪಾಠ ಹೇಳುತ್ತಿತ್ತು. ನಿಲ್ಲಿಸಲಾಗಲಿಲ್ಲ.

ಎರಡು ದಿನ ಹುಡುಕಿದರು, ಸಿಗಲಿಲ್ಲ. ಮೂರನೆಯ ದಿನ ನಮ್ಮ ವಿಮಾನ. ಮಾವ ಬರುವುದಿಲ್ಲ ಎಂದರು. ಚಾವಡಿಯ ಕಂಬ ಹಿಡಿದು ಕೂತರು. ಯಾತಿ ಬಂದು, ಅವರೆದುರು ನೆಲಕ್ಕೆ ಕೂತು ಏನೋ ಹೇಳಿದರು. ದಿಮಾಸ್ ಅನುವಾದಿಸಿದ: "ನೀವು ಇಲ್ಲಿ ಊಟ ಬಿಟ್ಟು ಕೂತರೆ ನಾನು ಎರಡು ಜನರನ್ನು ಕಾಯಬೇಕು. ಒಬ್ಬರನ್ನು ಕಾಯಲು ಬಿಡಿ."

ಅದಾದ ಮೇಲೆ ಮಾವ ಎದ್ದರು.

ಪೆರಂಬೂರಿಗೆ

ಚೆನ್ನೈ ವಿಮಾನ ನಿಲ್ದಾಣದಲ್ಲಿ ಫೋನು ತೆರೆದಾಗ ದಿಮಾಸ್‌ನ ಸಂದೇಶ ಇತ್ತು. ಸಾರ್ನೋ ಸಿಕ್ಕಿದ್ದಾರೆ. ಕೆಳಗೆ, ಆಚೆ ದಂಡೆಯ ಒಂದು ತೋಟದ ಅಂಚಿಗೆ ಕೆಸರು ಅವರನ್ನು ಅದೇ ಸಂಜೆ ಒತ್ತರಿಸಿತ್ತು. ಸೇತುವೆ ಇಲ್ಲದ್ದರಿಂದ ಆಚೆಯವರು ಬೇರೆ ಜಿಲ್ಲೆಯ ಆಸ್ಪತ್ರೆಗೆ ಒಯ್ದಿದ್ದರು. ಹೆಸರು ಹೇಳಲು ಅವರಿಗೆ ಎಚ್ಚರವೇ ಇರಲಿಲ್ಲ. ಈಗಲೂ ಇಲ್ಲ. ಎಡಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದಾರೆ. ಎದೆಯೊಳಗೆ ಕೆಸರು ಹೋಗಿದೆ. ಉಳಿಯುತ್ತಾರೆಂದು ಹೇಳಲಾಗುವುದಿಲ್ಲ.

ಮಾವನಿಗೆ ಓದಿ ಹೇಳಿದೆ. ಟ್ಯಾಕ್ಸಿ ಪಲ್ಲಾವರದ ಗುಡ್ಡ ದಾಟುತ್ತಿತ್ತು. "ಕಲ್ಲು ಕೆತ್ತುವಾಗ ಅವನು ಎಡಗಾಲಲ್ಲಿ ಕಲ್ಲನ್ನು ಒತ್ತಿ ಹಿಡೀತಾ ಇದ್ದ," ಎಂದರು.

ಹೋಟೆಲಿನ ಮುಂದಿನ ತಗಡು ಅಷ್ಟರಲ್ಲಿ ಸರಿದು ದಾರಿಯಾಗಿತ್ತು. ಪೊಂಗಲ್ ಆದ ಮೇಲೆ ತೆರೆದರು. ಮಾವ ಗಲ್ಲಾದಲ್ಲಿ ಕೂತರು, ನಾನು ಅಡ್ಯಾರಿಗೆ ಹೋಗಿಬಂದೆ. ಮೆಟ್ರೋದವರು ನೆಲದಡಿಯಲ್ಲಿ ಕೊರೆಯುವಾಗ ಬೀದಿ ಸಣ್ಣಗೆ ನಡುಗುತ್ತಿತ್ತು. ಆ ನಡುಕಕ್ಕೆ ಇಬ್ಬರೂ ಒಂದೇ ಸಲ ತಲೆ ಎತ್ತುತ್ತಿದ್ದೆವು. ಮಲಗಿದರೆ ಒಂದು ಗಂಟೆ, ಒಂದೂವರೆ ಗಂಟೆ ನಿದ್ದೆ. ಎದ್ದು ಬಂದರೆ ಪಡಸಾಲೆಯಲ್ಲಿ ಮಾವ ಕೂತಿರುತ್ತಿದ್ದರು. ನಾನೂ ಕೂರುತ್ತಿದ್ದೆ. ಅಮ್ಮ ಒಳಗಿನಿಂದ, "ಇಬ್ರಿಗೂ ತೂಕಂ ಇಲ್ಲ, ನಿದ್ದೆ ಬರ್ದಿದ್ರೆ ಲೈಟಾದ್ರೂ ಹಾಕಿ," ಎನ್ನುತ್ತಿದ್ದಳು. ಹಾಕುತ್ತಿರಲಿಲ್ಲ.

ಎರಡು ನಲವತ್ತರ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತೆರಡನೆಯ ದಿನ

ಹೊಳೆಯ ಆ ಮಧ್ಯಾಹ್ನದಿಂದ ಇಪ್ಪತ್ತೆರಡನೆಯ ದಿನ ಭಾನುವಾರ. ಹೋಟೆಲಿನಲ್ಲಿ ಊಟ ಮುಗಿದು ಕಾಫಿ ಶುರುವಾಗುವುದಕ್ಕೆ ಮುಂಚಿನ ಖಾಲಿ ಹೊತ್ತು. ದಿಮಾಸ್‌ನ ವೀಡಿಯೋ ಕಾಲ್ ಬಂತು. ಅವನ ಮುಖದ ಹಿಂದೆ ಹಾಸಿಗೆ, ಹಾಸಿಗೆಯಲ್ಲಿ ಸಾರ್ನೋ. ಇಳಿದು ಅರ್ಧ ಆಳಾಗಿದ್ದರು. ಮಾತಾಡುತ್ತಿದ್ದಾರೆ, ಇನ್ನು ಭಯವಿಲ್ಲವೆಂದು ಡಾಕ್ಟರು ಹೇಳಿದ್ದಾರೆ ಎಂದ ದಿಮಾಸ್.

ಮಾವ ಫೋನಿನ ಎದುರು ಕೈಮುಗಿದರು. ಸಾರ್ನೋ ಬಲಗೈಯನ್ನು ಎದೆಗೆ ಮುಟ್ಟಿಸಿಕೊಂಡರು.

ನಾನು ದಿಮಾಸ್‌ಗೆ ಹೇಳಿದೆ, "ಅವರಿಗೊಂದು ವಿಷಯ ಹೇಳಬೇಕು. ನೀರು ಇಳಿದದ್ದನ್ನು ನಾನು ನೋಡಿದ್ದೆ. ಡೋಲು ಬಡಿಯುವುದಕ್ಕೆ ಆರು ನಿಮಿಷ ಮೊದಲೇ. ಅದರ ಅರ್ಥ ಗೊತ್ತಿತ್ತು. ಸುಮ್ಮನಿದ್ದೆ."

ದಿಮಾಸ್ ಹಾಸಿಗೆಯ ಕಡೆ ತಿರುಗಲಿಲ್ಲ. "ಇದನ್ನು ಹೇಳಲೇಬೇಕಾ ಮೇಡಂ?"

"ಹೇಳಿ."

ಅವನು ಮೆಲ್ಲಗೆ ಹೇಳಿದ. ಸಾರ್ನೋ ಕೇಳುತ್ತ ಮುಗುಳ್ನಕ್ಕರು. ಆ ನಗು ಏನೆಂದು ಈಗ ನನಗೆ ಗೊತ್ತಿತ್ತು. ಅವರು ನಿಧಾನಕ್ಕೆ, ಉಸಿರಿಗೆ ನಿಂತು ನಿಂತು ಮಾತಾಡಿದರು. ದಿಮಾಸ್ ಒಂದೊಂದೇ ವಾಕ್ಯ ತಂದುಕೊಟ್ಟ.

"ನಾನೂ ನೋಡಿದೆ ಎನ್ನುತ್ತಾರೆ. ನೀವು ಫೋನು ಎತ್ತುವುದಕ್ಕೆ ಮೊದಲೇ ನೋಡಿದರಂತೆ. ಆದರೆ ಹಿರಿಯರು ಕೂತಿದ್ದರು. ತಮ್ಮ ಕಲ್ಲನ್ನು ಯಾರೂ ಅಷ್ಟು ಗೌರವದಿಂದ ಅರೆದು ನೋಡಿರಲಿಲ್ಲವಂತೆ. ಬಂದ ಅತಿಥಿಯನ್ನು ಏಳಿ ಎನ್ನುವುದು ಹೇಗೆ ಎಂದುಕೊಂಡರಂತೆ. ಮುಗಿಯಲಿ ಎಂದು ಕಾದರಂತೆ."

ನಾನು ಮಾವನಿಗೆ ಕನ್ನಡದಲ್ಲಿ ಎಲ್ಲ ಹೇಳಿದೆ, ನನ್ನದನ್ನೂ ಅವರದ್ದನ್ನೂ. ಮಾವ ಕೆಳಗೆ ನೋಡುತ್ತಿದ್ದರು. ಬೆಂಚಿನ ಮೇಲೆ ಒಣಗಿದ್ದ ಸಾಂಬಾರಿನ ಹನಿಯೊಂದನ್ನು ಉಗುರಿನಿಂದ ಕೆರೆದರು.

"ಆ ಮರದ ಸದ್ದು ನನಗೂ ಕೇ‍ಳಿತ್ತು," ಎಂದರು. "ಎಂತದೋ ಆಗ್ತಾ ಉಂಟು ಅಂತ ಗೊತ್ತಾಯ್ತು. ನಡುವೆ ಎದ್ದರೆ ಅವನಿಗೆ ಬೇಜಾರಾಗ್ತದೆ ಅಂತ ಐದನೇದು ಹಾಕಿದೆ. ಮೂರು ಜನ ಇದ್ದೆವು. ಒಬ್ರಾದ್ರೂ ಮರ್ಯಾದೆ ಬಿಡ್ಬೇಕಿತ್ತು."

ಇದನ್ನು ದಿಮಾಸ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ, ಅವನು ಸಾರ್ನೋಗೆ ಹೇಳಿದ. ಸಾರ್ನೋ ಈ ಸಲ ನಗಲಿಲ್ಲ. ಹೌದೆಂದು ತಲೆಯಾಡಿಸಿದರು. ಕಣ್ಣು ಮುಚ್ಚಿದರು. ನರ್ಸ್ ಬಂದು ಸಾಕು ಎಂದಳು.

ಕ್ಷಮೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಕಾಲು ಹೋದದ್ದು ಅವರದ್ದು, ನಮ್ಮದಲ್ಲ. ಅದನ್ನು ಮೂರು ಪಾಲು ಮಾಡಲು ಬರುವುದಿಲ್ಲ.

ಆ ಸಂಜೆ ಮಾವ ಗಲ್ಲಾ ಬಿಟ್ಟು ಬೇಗ ಮೇಲೆ ಬಂದರು. ನಾನು ಉತ್ತರ ಪತ್ರಿಕೆಗಳನ್ನು ಎದುರಿಗೆ ಇಟ್ಟುಕೊಂಡಿದ್ದೆ. ಎರಡೋ ಮೂರೋ ನೋಡಿದ ನೆನಪು.

ಬಾಗಿಲು ದಬದಬ ಬಡಿದ ಸದ್ದಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಪೂರ್ತಿ ಬಿಸಿಲು. ಕೆಳಗೆ ಅಡುಗೆ ಭಟ್ಟರು ಕೂಗುತ್ತಿದ್ದರು. "ಎಂತ ಯಜಮಾನ್ರೇ, ಗಂಟೆ ಏಳೂವರೆ. ಬೀಗ ತೆಗೀರಿ. ಫಸ್ಟ್ ಶಿಫ್ಟಿನವ್ರು ತಿಂಡಿ ಇಲ್ದೆ ಕಾರ್ಖಾನೆಗೆ ಹೋದ್ರು." ಹೋಟೆಲು ಇಟ್ಟ ಮೇಲೆ, ತಗಡಿನ ಆ ಮೂರು ವಾರ ಬಿಟ್ಟರೆ, ಐದು ಗಂಟೆಗೆ ಷಟರ್ ಏಳದ ದಿನ ಅದೊಂದೇ. ಕೀ ಮಾವನ ದಿಂಬಿನ ಕೆಳಗಿತ್ತು. ಅವರು ಗೋಡೆಯ ಕಡೆ ಮುಖ ಮಾಡಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು. ಅಮ್ಮ ಬಾಗಿಲಲ್ಲಿ ಅಡ್ಡ ನಿಂತಿದ್ದಳು. "ಎಬ್ಬಿಸ್ಬೇಡ," ಎಂದಳು.

ನಾನು ದಿಂಬಿನ ಕೆಳಗೆ ಮೆಲ್ಲಗೆ ಕೈ ಹಾಕಿ ಕೀ ತೆಗೆದುಕೊಂಡು ಕೆಳಗೆ ಹೋದೆ.